ಕಟ್ಟು, ಒಯ್ಯಿ, ನಡುವೆ ಒಂದು ಚಹಾ

ಕಾಕಾ ಅವರ ಬಲಗೈ ತೋರುಬೆರಳಿನ ತುದಿ ಎಡಕ್ಕೆ ಸೊಟ್ಟಗಾಗಿತ್ತು. ಹರೆಯದಲ್ಲಿ ಕಾಟಾ ರಿಪೇರಿ ಮಾಡುವಾಗ ಕಬ್ಬಿಣದ ತಗಡು ಬಿದ್ದು ಆದ ಗಾಯ ಅದು. ಕಾಟಾ ಅಂದರೆ ನಮ್ಮ ಕಡೆ ಟ್ರ್ಯಾಕ್ಟರು, ಲಾರಿ ಹತ್ತಿಸಿ ತೂಗುವ ದೊಡ್ಡ ತಕ್ಕಡಿ. ಆ ಸೊಟ್ಟ ಬೆರಳು ಮತ್ತು ಎಡಗೈಯ ಇನ್ನೊಂದು ಬೆರಳು, ಇಷ್ಟರಲ್ಲೇ ಇಡೀ ಕೀಬೋರ್ಡನ್ನು ಆಳುತ್ತಿದ್ದರು. ಆದರೆ ನನಗೆ ನೆನಪಿರುವುದು ಅವರು ಟೈಪ್ ಮಾಡುವುದಲ್ಲ, ಟೈಪ್ ಮಾಡಿ ಮುಗಿಸಿದ ಮೇಲಿನ ಒಂದು ಕ್ಷಣ. ಎಂಟರ್ ಒತ್ತುವ ಮೊದಲು ಎರಡೂ ಕೈ ಕೀಬೋರ್ಡಿನಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಪಂಕ್ತಿಯಲ್ಲಿ ಕೂತು ಬಡಿಸುವವರನ್ನು ಕಾಯುವವರ ಹಾಗೆ. ಆಮೇಲೆ ಪರದೆಯ ಮೇಲಿನ ಸಾಲನ್ನು ಗಟ್ಟಿಯಾಗಿ ಓದುತ್ತಿದ್ದರು. ಓದಿ ಮುಗಿದ ಮೇಲೆ ಸೊಟ್ಟ ಬೆರಳು ಎದ್ದು, ಎಂಟರ್ ಮೇಲೆ ಇಳಿಯುತ್ತಿತ್ತು.

ನೋಡಿ ನಗುತ್ತಿದ್ದವರಲ್ಲಿ ನಾನೂ ಒಬ್ಬಳು. ಸುಳ್ಳು ಯಾಕೆ ಹೇಳಲಿ.

ನಾನು ಬೀದರ್ ಕಡೆಯವಳು. ಗಂಡನ ಬ್ಯಾಂಕಿನ ವರ್ಗಾವಣೆಗಳ ಹಿಂದೆ ಊರೂರು ತಿರುಗಿ, ಮಕ್ಕಳನ್ನು ಒಂದು ದಡ ಮುಟ್ಟಿಸಿ, ಮೂವತ್ತೆಂಟನೆಯ ವಯಸ್ಸಿಗೆ ನಾಸಿಕ್ ರೋಡ್‌ನ ಒಂದು ಸಾಫ್ಟ್‌ವೇರ್ ಕಂಪನಿಗೆ ಸೇರಿದೆ. ಕಂಪನಿ ಅಂದರೆ ಗಾಜಿನ ಕಟ್ಟಡ ಕಲ್ಪಿಸಿಕೊಳ್ಳಬೇಡಿ. ಕೆಳಗೆ ಹಿಟ್ಟಿನ ಗಿರಣಿ, ಮೇಲೆ ನಾವು. ಗಿರಣಿ ಶುರುವಾದರೆ ನಮ್ಮ ಮೇಜಿನ ಮೇಲಿನ ಚಹಾದಲ್ಲಿ ಅಲೆ ಏಳುತ್ತಿತ್ತು. ನಮ್ಮ ಕೆಲಸ ತೂಕದ್ದು. ಪಿಂಪಳಗಾಂವ್ ಬಸವಂತ್‌ನ ಉಳ್ಳಾಗಡ್ಡಿ ವ್ಯಾಪಾರಿಗಳ ಕಾಟಾಗಳಿಗೆ ಮತ್ತು ಸಂಭಾಜಿನಗರದ ಕೆಲವು ಕಾರ್ಖಾನೆಗಳ ಗೇಟಿನ ಕಾಟಾಗಳಿಗೆ ಬೇಕಾದ ಸಾಫ್ಟ್‌ವೇರ್ ಬರೆಯುವುದು, ತಿದ್ದುವುದು, ಅಲ್ಲಿಗೆ ಮುಟ್ಟಿಸುವುದು. ಸಂಭಾಜಿನಗರದಲ್ಲೂ ನಮ್ಮದೊಂದು ಪುಟ್ಟ ಆಫೀಸು ಇತ್ತು.

ಕಾಕಾ ನಮ್ಮಲ್ಲಿ ಹಿರಿಯರು. ಕಲಬುರಗಿ ಜಿಲ್ಲೆಯವರು, ಕಾಟಾ ರಿಪೇರಿಯಿಂದ ಶುರುಮಾಡಿ ಕಂಪ್ಯೂಟರಿಗೆ ಬಂದವರು. ಯಾವ ಪದವಿಯೂ ಇರಲಿಲ್ಲ. ಮರಾಠಿಯವರಿಗೂ ಅವರು ಕಾಕಾ, ನಮಗೂ ಕಾಕಾ. ಮೊದಲ ದಿನ ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಕೇಳಿದರು.

"ಯಾವ ಊರಾಕಿ ತಂಗಿ?"

"ಬೀದರ ಕಡಿಯಾಕೀರಿ."

"ಹಂಗಾದ್ರ ಅರ್ಧಾ ಕೆಲಸ ಬಂದಂಗ ಆತು ನಿಂಗ."

ಯಾಕೆ ಹಾಗೆ ಅಂದರು ಅನ್ನುವುದು ಮಧ್ಯಾಹ್ನ ತಿಳಿಯಿತು. ಹೊಸ ಸಾಫ್ಟ್‌ವೇರನ್ನು ಕಾಟಾದ ಕಂಪ್ಯೂಟರಿಗೆ ಮುಟ್ಟಿಸಲು ಅವರೇ ಎರಡು ಹತಾರ, ಅಂದರೆ ಎರಡು ಪುಟ್ಟ ಪ್ರೋಗ್ರಾಮು, ಬರೆದಿದ್ದರು. ಬಟನ್ನು, ಚಿತ್ರ ಏನೂ ಇಲ್ಲ. ಕರಿ ಪರದೆಯ ಮೇಲೆ ಹೆಸರು ಟೈಪ್ ಮಾಡಿದರೆ ಓಡುವಂಥವು. ಒಂದರ ಹೆಸರು ಕಟ್ಟು. ಅದು ಬರೆದದ್ದನ್ನೆಲ್ಲ ಸೇರಿಸಿ ಒಂದು ಗಂಟು ಕಟ್ಟಿ, ಮೇಲೆ ಚೀಟಿ ಅಂಟಿಸಿ ಇಡುತ್ತಿತ್ತು. ಇನ್ನೊಂದರ ಹೆಸರು ಒಯ್ಯಿ. ಅದು ಹೇಳಿದ ಗಂಟನ್ನು ಹೇಳಿದ ಊರಿನ ಕಾಟಾಕ್ಕೆ ಒಯ್ದು ಹಾಕುತ್ತಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕ್ರಿಯಾಪದ. ಆಫೀಸಿನ ಮರಾಠಿ ಹುಡುಗರೆಲ್ಲ ಅರ್ಥ ಗೊತ್ತಿಲ್ಲದೆ ದಿನವಿಡೀ ಕಟ್ಟು, ಒಯ್ಯಿ ಅಂತ ಟೈಪ್ ಮಾಡುತ್ತಿದ್ದರು. ಹೊಸದಾಗಿ ಸೇರಿದ ಒಬ್ಬ ಅವು ಕಾಕಾ ಅವರ ಮೊಮ್ಮಕ್ಕಳ ಹೆಸರು ಅಂದುಕೊಂಡಿದ್ದ.

ಕಟ್ಟು ಆದ ಮೇಲೆ ಕಾಕಾ ತಕ್ಷಣ ಒಯ್ಯುತ್ತಿರಲಿಲ್ಲ. ಎದ್ದು ಹೋಗಿ ಒಂದು ಚಹಾ ಕುಡಿದು ಬರುತ್ತಿದ್ದರು. ಬಂದು ಗಂಟಿನ ಮೇಲಿನ ಚೀಟಿ ಓದುತ್ತಿದ್ದರು. ಪಿಂಪಳಗಾಂವ್‌ನ ಕಾಟಾದ ಕಾರಕೂನನಿಗೆ ಫೋನ್ ಹಚ್ಚುತ್ತಿದ್ದರು. ಅವನು ಮಾಲೇಗಾಂವ್ ಕಡೆಯವನು, ಕನ್ನಡದ ಗಂಧ ಇಲ್ಲದವನು. ಅವನಿಗೆ ಕಾಕಾ ಒಂದೇ ಒಂದು ವಾಕ್ಯ ಕಲಿಸಿದ್ದರು. ತೂಗುವ ಟ್ರ್ಯಾಕ್ಟರ್ ಇಳಿದು ಜಾಗ ಬರಿದಾದ ಕೂಡಲೇ ಆತ ಹೇಳಬೇಕು, "ಕಾಟಾ ಖಾಲಿ ಅದ, ಕಾಕಾ." ಆಗ ಕೈ ತೊಡೆಯ ಮೇಲೆ, ಓದು, ಎಂಟರ್.

ನಾವು ಗಡಿಬಿಡಿ ಮಾಡಿದರೆ ಅವರದ್ದೊಂದು ಮಾತು ಇತ್ತು. "ಅವಸರ ಇದ್ದಾವ ಮುಂದಿನ ಬಸ್ಸಿಗೆ ಹೋಗ್ಲಿ."

ಆ ಮಾತು ಕೇಳಿದರೆ ಸಂಭಾಜಿನಗರದ ಆಫೀಸಿನ ಮುಖ್ಯಸ್ಥೆಗೆ ಮೈ ಉರಿಯುತ್ತಿತ್ತು. ನನಗಿಂತ ಹತ್ತು ವರ್ಷ ಚಿಕ್ಕವಳು, ಚುರುಕು ಹೆಣ್ಣು. ಅಪ್ಪ ಕರ್ನಾಟಕದಿಂದ ವರ್ಗವಾಗಿ ಬಂದ ಸರ್ಕಾರಿ ನೌಕರ, ಈಕೆ ಹುಟ್ಟಿ ಬೆಳೆದದ್ದು ಅಲ್ಲೇ. ಕನ್ನಡ ಪೂರ್ತಿ ತಿಳಿಯುತ್ತದೆ, ಮಾತಾಡಲು ಹೊರಟರೆ ಅರ್ಧ ದಾರಿಯಲ್ಲಿ ಮರಾಠಿಗೆ ಹೊರಳುತ್ತಾಳೆ. ತಿಂಗಳಿಗೊಮ್ಮೆ ಬಸ್ಸಿನಲ್ಲಿ ನಾಸಿಕ್‌ಗೆ ಬಂದಾಗ ಇವರಿಬ್ಬರ ಜಗಳ ಕೇಳಲು ನಾವು ಕುರ್ಚಿ ಎಳೆದುಕೊಂಡು ಕೂರುತ್ತಿದ್ದೆವು.

"ಕಾಕಾ, ದೋನ್ ಕಶಾಲಾ, ಎರಡ ಯಾಕ? ಒಂದೇ ಮಾಡಾ ನಾ. ನಮ್ಮ ಪೋರಗೋಳು ಕಟ್ಟೂದು ವಿಸರ್ತಾರ, ಸೀದಾ ಒಯ್ಯಿ ಹೊಡೀತಾರ. ಹಳೇದೇ ಹೋಗ್ತದ."

"ಮರೀತಾರಂದ್ರ ಬಾದಾಮಿ ತಿನಸವಾ ಅವರಿಗೆ."

"ಬಾದಾಮಿ ನಾಸಿಕ್‌ನ ಖರ್ಚಿಗೆ ಹಾಕಲಾ?"

ಆಕೆ ಹೇಳಿದ್ದರಲ್ಲಿ ಹುರುಳಿತ್ತು. ಅವರ ಹುಡುಗರು ಹೊಸ ಗಂಟು ಕಟ್ಟುವುದನ್ನು ಮರೆತು ಹೋದ ವಾರದ ಗಂಟನ್ನೇ ಒಯ್ದು, ಸರಿಹೋಯಿತು ಅಂತ ಕಾರ್ಖಾನೆಗೆ ಹೇಳಿ, ಬೈಸಿಕೊಂಡದ್ದು ಒಂದು ಸಲವಲ್ಲ, ಮೂರು ಸಲ. ಅದೂ ಅಲ್ಲದೆ ಎರಡು ಹತಾರ ಅಂದರೆ ಎರಡು ಕಡೆ ಊರುಗಳ ಪಟ್ಟಿ. ಒಂದರಲ್ಲಿ ತಿದ್ದಿದರೆ ಇನ್ನೊಂದರಲ್ಲಿ ತಿದ್ದಬೇಕು. ಕಾಕಾಗೆ ಎರಡೂ ಬಾಯಿಪಾಠ. ನಮಗೆ ಇಲ್ಲ.

ದೀಪಾವಳಿಗೆ ಕಾಕಾ ನಿವೃತ್ತರಾಗುವುದು ಅಂತ ಠರಾವ್ ಆದಾಗ ಮಾಲೀಕರು ನನ್ನನ್ನು ಕರೆದರು. ಅವರ ಜಾಗಕ್ಕೆ ನಾನೇ ಅಂದರು. ಎರಡು ಹತಾರ ಕೂಡಿಸಬೇಕೋ ಬೇಡವೋ ಅನ್ನುವ ಪ್ರಶ್ನೆಯನ್ನೂ ನನ್ನ ತಲೆಗೇ ಕಟ್ಟಿದರು. "ಮ್ಯಾಡಮ್, ಆತಾ ತುಮ್ಹೀಚ್ ಠರವಾ." ಈಗ ನೀವೇ ತೀರ್ಮಾನಿಸಿ ಅಂತ.

ನಿಮಗೆ ನೇರ ಹೇಳುತ್ತೇನೆ. ನನಗೆ ಆಗ ಹತಾರಕ್ಕಿಂತ ನನ್ನ ಚಿಂತೆಯೇ ದೊಡ್ಡದಾಗಿತ್ತು. ಐದು ವರ್ಷ ನಾನು ಕಾಕಾ ಹೇಳಿದ್ದನ್ನು ಮಾಡುವ ಹೆಂಗಸು ಅಂತಲೇ ಆಫೀಸಿನಲ್ಲಿ ಗುರುತಾಗಿದ್ದೆ. ಈ ಜಾಗಕ್ಕೆ ನಾನು ತಕ್ಕವಳು ಅಂತ ತೋರಿಸಲು ನನಗೆ ಏನಾದರೂ ನನ್ನದೇ ಅನ್ನುವಂಥದ್ದು ಬೇಕಿತ್ತು.

ಕಾಕಾ ಅವರನ್ನು ಕೇಳಿದೆ. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ನಾಳಿ ಪಿಂಪಳಗಾಂವಕ್ಕ ನಡಿ" ಅಂದರು.

ಬೆಳಿಗ್ಗೆ ಹೋದೆವು. ಉಳ್ಳಾಗಡ್ಡಿ ತುಂಬಿದ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು. ವ್ಯಾಪಾರಿಗಳು ಒಂದೊಂದೇ ಟ್ರ್ಯಾಕ್ಟರಿನ ಮುಂದೆ ಗುಂಪಾಗಿ ನಿಂತು, ಗಡ್ಡೆ ಹಿಸುಕಿ ನೋಡಿ, ದರ ಕೂಗಿ, ಚೀಟಿ ಬರೆದು ಕೊಟ್ಟು ಮುಂದಕ್ಕೆ ಹೋಗುತ್ತಿದ್ದರು. ಚೀಟಿ ಸಿಕ್ಕ ರೈತ ಟ್ರ್ಯಾಕ್ಟರನ್ನು ತಾನೇ ಓಡಿಸಿಕೊಂಡು ಕಾಟಾಕ್ಕೆ ಹೋಗಬೇಕು. ಹರಾಜು ಇಲ್ಲಿ, ತೂಕ ಅಲ್ಲಿ, ನಡುವೆ ಧೂಳಿನ ದಾರಿ. ನಡುವಯಸ್ಸಿನ ಒಬ್ಬ ಹೆಣ್ಣುಮಗಳು ಚೀಟಿ ಹಿಡಿದು, ಮಗನ ಪಕ್ಕದಲ್ಲಿ ಟ್ರ್ಯಾಕ್ಟರ್ ಹತ್ತಿ ಕಾಟಾದ ಕಡೆ ಹೊರಟಳು. ಅರ್ಧ ದಾರಿಯಲ್ಲಿ ಗಾಡಿ ನಿಂತಿತು. ಚೀಟಿಯ ಮೇಲಿನ ದರವನ್ನು ಇನ್ನೊಮ್ಮೆ ನೋಡಿದಳು. ಮಗನಿಗೆ ಏನೋ ಅಂದಳು. ಟ್ರ್ಯಾಕ್ಟರ್ ಹೊರಳಿ ಹೊರಗಿನ ಗೇಟಿನ ಕಡೆ ಹೋಯಿತು. ಯಾರೂ ತಡೆಯಲಿಲ್ಲ.

"ನೋಡ್ದಿ?" ಅಂದರು ಕಾಕಾ.

"ಏನ್ರಿ?"

"ಏನಿಲ್ಲ. ಚಹಾ ಕುಡಿ."

ಕುಡಿದೆ. ಏನೂ ತಿಳಿಯಲಿಲ್ಲ. ಕಾಕಾಗೆ ವಯಸ್ಸಾಯಿತು ಅಂದುಕೊಂಡು ವಾಪಸ್ ಬಂದು ಎರಡೂ ಹತಾರ ಕೂಡಿಸಿದೆ. ಒಂದು ಸಲ ಟೈಪ್ ಮಾಡಿದರೆ ಕಟ್ಟುವುದೂ ಆಯಿತು, ಒಯ್ಯುವುದೂ ಆಯಿತು. ಮೇಲೆ ನನ್ನದೊಂದು ಜಾಣತನ ಬೇರೆ. ಊರಿನ ಹೆಸರು ಹೇಳದಿದ್ದರೆ ಹಿಂದಿನ ಸಲ ಹೋದ ಊರಿಗೇ ಹೋಗಲಿ ಅಂತ ಬರೆದೆ. ಟೈಪಿಂಗ್ ಉಳಿಯುತ್ತದಲ್ಲ. ಎಲ್ಲರ ಲ್ಯಾಪ್‌ಟಾಪಿನಿಂದ ಹಳೆಯ ಕಟ್ಟು, ಒಯ್ಯಿ ಎರಡನ್ನೂ ತೆಗೆಸಿದೆ, ಕಾಕಾ ಅವರದನ್ನು ಮಾತ್ರ ಆಮೇಲೆ ನೋಡೋಣ ಅಂತ ಬಿಟ್ಟೆ. ಪೇಢೆ ಹಂಚಿದೆ. ಸಂಭಾಜಿನಗರದಾಕೆ ಫೋನಿನಲ್ಲಿ ಹಾಡಿ ಹೊಗಳಿದಳು. ಕಾಕಾ ಪೇಢೆ ತಿಂದು, "ಛಲೋ ಅದ" ಅಂದರು. ಪೇಢೆಯೋ ಹತಾರವೋ ಹೇಳಲಿಲ್ಲ.

ಮುಂದಿನ ವಾರವೇ ಅವರಿಗೆ ಎದೆ ನೋವು ಬಂದು, ಆಸ್ಪತ್ರೆ ಸೇರಿ, ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದರು. ಒಂದು ತಿಂಗಳು ಆಫೀಸಿನ ಹೆಸರು ಎತ್ತಬಾರದು ಅಂತ ಡಾಕ್ಟರ ಆಜ್ಞೆ.

ನನ್ನ ಹತಾರ ಎರಡು ವಾರ ಚೆನ್ನಾಗಿಯೇ ಓಡಿತು. ಮೂರನೆಯ ವಾರ ಗಣಪತಿ ಹಬ್ಬದ ರಜೆ ಕಳೆದು ಮಾರುಕಟ್ಟೆ ತೆರೆದ ದಿನ, ಬೆಳಿಗ್ಗೆ ಹತ್ತರ ಸುಮಾರು, ಸಂಭಾಜಿನಗರದ ಕಾರ್ಖಾನೆಗೆ ಒಂದು ತಿದ್ದುಪಡಿ ಕಳಿಸಬೇಕಿತ್ತು. ಟೈಪ್ ಮಾಡಿದೆ, ಒತ್ತಿದೆ, ಇನ್ನೊಂದು ಕೆಲಸಕ್ಕೆ ತಿರುಗಿದೆ. ಊರಿನ ಹೆಸರು ಹಾಕಿರಲಿಲ್ಲ. ಹತಾರ ನಾನು ಹೇಳಿಕೊಟ್ಟಂತೆ ಹಿಂದಿನ ಸಲದ ಊರಿಗೆ ಹೋಯಿತು. ಹಿಂದಿನ ಸಲ ಕಳಿಸಿದ್ದು ಪಿಂಪಳಗಾಂವ್‌ಗೆ.

ಇಲ್ಲಿ ಒಂದು ವಿಷಯ ತಿಳಿಸಬೇಕು. ಸಂಭಾಜಿನಗರದ ಆ ಕಾರ್ಖಾನೆಗೆ ಮಾಲು ಒಯ್ಯಲು ಲಾರಿ ಖಾಲಿ ಬರುತ್ತದೆ. ಮೊದಲು ಖಾಲಿ ತೂಕ, ತುಂಬಿಸಿಕೊಂಡು ಹೋಗುವಾಗ ಎರಡನೆಯ ತೂಕ. ಉಳ್ಳಾಗಡ್ಡಿ ಮಾರುಕಟ್ಟೆಯಲ್ಲಿ ಇದು ಉಲ್ಟಾ. ಟ್ರ್ಯಾಕ್ಟರ್ ತುಂಬಿಕೊಂಡೇ ಬರುತ್ತದೆ, ಸುರಿದ ಮೇಲೆ ಖಾಲಿ ತೂಗುತ್ತಾರೆ. ಈಗ ಕಾರ್ಖಾನೆಯ ಸಾಫ್ಟ್‌ವೇರ್ ಮಾರುಕಟ್ಟೆಯ ಕಾಟಾದಲ್ಲಿ ಹೋಗಿ ಕೂತಿತ್ತು. ಹತ್ತು ನಿಮಿಷಕ್ಕೆ ಕಾರಕೂನನ ಫೋನ್ ಬಂತು.

"ಬಾಯಿ, ಮಷೀನ್ ವೇಡಂ ಝಾಲಂ. ಪೆಹಲೇ ಖಾಲಿ ಗಾಡಿ ಲಾವ್ ಬೋಲತಾ ಹೈ. ಮೀ ಕಾಯ್ ಕರೂ, ಇಥೇ ಸಗಳ್ಯಾ ಭರಲೇಲ್ಯಾ ಆಹೇತ."

ಮಷೀನಿಗೆ ಹುಚ್ಚು ಹಿಡಿದಿದೆ, ತುಂಬಿದ ಟ್ರ್ಯಾಕ್ಟರಿನ ರೈತನಿಗೆ ಮೊದಲು ಖಾಲಿ ಗಾಡಿ ತಾ ಅನ್ನುತ್ತಿದೆ. ಹಿಂದೆ ಯಾರೋ ಕೂಗುತ್ತಿದ್ದರು, ಹಾಗಾದರೆ ನಿನ್ನ ತಲೆ ಮೇಲೆ ಸುರಿಯಲೇನು ಅಂತ. ಕಾಟಾದ ಮೇಲೆ ಒಂದು ಗಾಡಿ ಸಿಕ್ಕಿಕೊಂಡಿತ್ತು, ಹಿಂದಿನ ಸಾಲು ಹೆದ್ದಾರಿಯ ಕಡೆ ಬೆಳೆಯುತ್ತಿತ್ತು. ಬಿಸಿಲು. ರಜೆಯ ನಂತರದ ಮೊದಲ ದಿನವಾದ್ದರಿಂದ ಮಾಲು ಮೂರು ಪಟ್ಟು.

ಹಳೆಯ ಗಂಟನ್ನು ವಾಪಸ್ ಹಾಕಿದರೆ ಮುಗಿಯಿತು ಅಂದುಕೊಂಡೆ. ಹಳೆಯ ಗಂಟು ಸರ್ವರಿನಲ್ಲಿ ಭದ್ರವಾಗಿತ್ತು, ಚೀಟಿ ಸಮೇತ. ಆದರೆ ಒಯ್ಯಲು ಹತಾರ ಇರಲಿಲ್ಲ. ನಾನು ಮಾಡಿದ್ದು ಕಟ್ಟಿಯೇ ಒಯ್ಯುವಂಥದ್ದು. ಮೊದಲೇ ಕಟ್ಟಿಟ್ಟದ್ದನ್ನು ಎತ್ತಿ ಒಯ್ಯಲು ಅದಕ್ಕೆ ಬರುತ್ತಿರಲಿಲ್ಲ. ಹೊಸದಾಗಿ ಕಟ್ಟೋಣ ಅಂದರೆ ಪಿಂಪಳಗಾಂವ್‌ದು ತಿದ್ದಲೆಂದು ಅರ್ಧ ಬಿಚ್ಚಿಟ್ಟ ಕೆಲಸ, ಕಟ್ಟಿದರೂ ಓಡುತ್ತಿರಲಿಲ್ಲ. ಒಯ್ಯಿ ಅನ್ನುವುದು ಉಳಿದಿದ್ದದ್ದು ಇಡೀ ಊರಿನಲ್ಲಿ ಒಂದೇ ಲ್ಯಾಪ್‌ಟಾಪಿನಲ್ಲಿ. ಅದು ಕಾಕಾ ಅವರ ಮನೆಯಲ್ಲಿತ್ತು. ಹಾಸಿಗೆ ಹಿಡಿದವರ ಲ್ಯಾಪ್‌ಟಾಪಿಗೆ ಕೈಹಚ್ಚಲು ನನಗೆ ಮನಸ್ಸಾಗಿರಲಿಲ್ಲ.

ರಿಕ್ಷಾ ಹಿಡಿದು ಓಡಿದೆ. ಕಾಕು, ಅಂದರೆ ಅವರ ಹೆಂಡತಿ, ಹಿಟ್ಟಿನ ಕೈಯಲ್ಲೇ ಬಾಗಿಲು ತೆಗೆದರು.

"ಆಫೀಸು ಮನೀಗೇ ಬಂತಲ್ಲವಾ. ಡಾಕ್ಟರ್ ಏಳಬ್ಯಾಡ ಅಂದಾರ ಅವರಿಗೆ."

ಒಳಗಿನಿಂದ ದನಿ ಬಂತು. "ನಾ ಎಲ್ಲಿ ಏಳ್ಲಿಕತ್ತೀನಿ. ಅಕೀ ಕೂಡ್ತಾಳ, ನಾ ಮಲಗೇ ಇರ್ತೀನಿ."

ನಿಂತಲ್ಲೇ ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಇಪ್ಪತ್ತು ವರ್ಷ ಆ ಮಾರುಕಟ್ಟೆಯಲ್ಲಿ ಕಾಕಾ ಗಳಿಸಿದ ಮಾತನ್ನು ನಾನು ಮೂರು ವಾರಕ್ಕೆ ಕಳೆದಿದ್ದೆ. ಅವರು ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. "ಕಪಾಟದಾಗ ಅದ, ತಗಿ" ಅಂದರು.

ಲ್ಯಾಪ್‌ಟಾಪ್ ತೆರೆದು ಹಾಸಿಗೆಯ ಪಕ್ಕ ನೆಲದ ಮೇಲೆ ಕೂತೆ. ಒಯ್ಯಿ ಅಂತ ಬರೆದೆ, ಊರು ಬರೆದೆ, ಗಂಟಿನ ಹೆಸರು ಬರೆದೆ. ಬೆರಳು ಎಂಟರ್ ಕಡೆ ಹೊರಟಿತ್ತು.

"ಕೈ ತೊಡಿ ಮ್ಯಾಲ."

ಇಟ್ಟೆ.

"ಓದು."

ಓದಿದೆ. ಓದಿದಾಗ ಗೊತ್ತಾಯಿತು, ಅವಸರದಲ್ಲಿ ನಾನು ಬರೆದದ್ದು ಇವತ್ತು ಬೆಳಿಗ್ಗೆಯ ಗಂಟಿನ ಹೆಸರನ್ನೇ. ಕೆಟ್ಟದ್ದನ್ನೇ ಎರಡನೆಯ ಸಲ ಒಯ್ಯಲು ಹೊರಟಿದ್ದೆ. ಕಾಕಾಗೆ ಪರದೆ ಕಾಣುತ್ತಿರಲಿಲ್ಲ, ಆದರೂ ನನ್ನ ದನಿ ನಿಂತದ್ದು ಕೇಳಿಸಿತು.

"ತಿದ್ದು. ಅವಸರ ಇದ್ದಾವ ಮುಂದಿನ ಬಸ್ಸಿಗೆ ಹೋಗ್ಲಿ."

ತಿದ್ದಿದೆ. ಅವರೇ ಕಾರಕೂನನಿಗೆ ಫೋನ್ ಮಾಡಿಸಿ ಮಲಗಿದಲ್ಲಿಂದಲೇ ಮರಾಠಿಯಲ್ಲಿ ನಿಧಾನಕ್ಕೆ ಮಾತಾಡಿದರು. ಮೇಲಿರುವ ಗಾಡಿಯ ರೈತನಿಗೆ ಕೈಮುಗಿದು ಕೆಳಗಿಳಿಸು, ಮೊದಲ ತೂಕ ಅವನದೇ ಅಂತ ಹೇಳು, ತಪ್ಪು ನಮ್ಮದು ಅಂತಲೂ ಹೇಳು. ನನ್ನ ತಪ್ಪು ಅನ್ನಲಿಲ್ಲ. ನಮ್ಮದು ಅಂದರು. ಫೋನಿನಲ್ಲಿ ಟ್ರ್ಯಾಕ್ಟರ್ ಗುಡುಗಿತು, ಯಾರೋ ಬೈದರು, ಆಮೇಲೆ ಆ ಮಾಲೇಗಾಂವ್ ಕನ್ನಡ ಕೇಳಿಸಿತು.

"ಕಾಟಾ ಖಾಲಿ ಅದ, ಕಾಕಾ."

ಮತ್ತೊಮ್ಮೆ ಓದಿದೆ. ಒತ್ತಿದೆ. ಎರಡು ನಿಮಿಷಕ್ಕೆ ಮೊದಲ ಗಾಡಿ ತೂಗಿತು.

ಕಾಕು ಒಂದು ರೊಟ್ಟಿ, ಒಡೆದ ಉಳ್ಳಾಗಡ್ಡಿ ತಂದು ನನ್ನ ಮುಂದಿಟ್ಟರು. "ಅತ್ತುಕೋತ ಹೋಗಬ್ಯಾಡ, ತಿಂದು ಹೋಗು."

ಒಂದು ವಾರದ ನಂತರ ಸಂಭಾಜಿನಗರದಾಕೆ ಬಸ್ಸು ಹತ್ತಿ ಬಂದಳು. ಇಬ್ಬರೂ ಕಾಕಾ ಅವರ ಹಾಸಿಗೆಯ ಪಕ್ಕ ಕೂತೆವು. ನಾನು ಹೋಗುವಾಗಲೇ ತೀರ್ಮಾನ ಮಾಡಿಕೊಂಡಿದ್ದೆ. ಮೊದಲಿನ ಹಾಗೆ ಎರಡು ಹತಾರವನ್ನೂ ಬೇರೆ ಮಾಡುತ್ತೇನೆ, ಕಾಕಾ ತತ್ವವೇ ಸರಿ ಅಂದೆ.

"ಯಾವ ತತ್ವ?" ಅಂದರು ಕಾಕಾ.

"ನೀವೇ ಎರಡು ಮಾಡಿದ್ರಲ್ರಿ."

ಅವರು ಚಾವಣಿ ನೋಡುತ್ತ ನಕ್ಕರು. "ಮೊದಲ ಒಂದ ಬರದೆ. ಆರ ತಿಂಗಳಾದ ಮ್ಯಾಲ ಇನ್ನೊಂದ ಬೇಕಾತು, ಬರದೆ. ಕೂಡಸ್ಲಿಕ್ಕ ಬ್ಯಾಸರ ಬಂತು, ಹಂಗೇ ಬಿಟ್ಟೆ. ಆಮ್ಯಾಲ ನೀವೆಲ್ಲ ಅದಕ್ಕ ತತ್ವ ಅಂದ್ರಿ, ನಾ ಯಾಕ ಅಲ್ಲ ಅನ್ಲಿ."

ಸಂಭಾಜಿನಗರದಾಕೆ ಬಿದ್ದು ಬಿದ್ದು ನಕ್ಕಳು. "ಮ್ಹಣಜೇ ನಾ ಹೇಳಿದ್ದೇ ಬರೋಬರ್."

"ಅರ್ಧಾ ಬರೋಬರ್. ಊರಿನ ಪಟ್ಟಿ ಎರಡ ಕಡಿ ಇಟ್ಟದ್ದು ನನ್ನ ಹಟ, ಅದು ತಪ್ಪು. ಒಂದ ಮನಿ ಮಾಡ್ರಿ. ಆದ್ರ ಬಾಗಲಾ ಎರಡ ಇರ್ಲಿ. ಕಟ್ಟಿದ್ದೆಲ್ಲಾ ಒಯ್ಯಬೇಕಂತೇನಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ಆ ಹೆಣಮಗಳು ಅರ್ಧಾ ಹಾದ್ಯಾಗ ಗಾಡಿ ಹೊಳ್ಳಿಸಿದ್ಲಲ್ಲ, ಹರಾಜಿನ ಜಾಗಾದಾಗೇ ಕಾಟಾ ಇಟ್ಟಿದ್ರ ಹ್ಯಾಂಗ ಹೊಳ್ಳಿಸ್ತಿದ್ಲು?"

ಅವತ್ತು ಕುಡಿಸಿದ ಚಹಾ ಯಾಕೆ ಅಂತ ಆಗ ತಿಳಿಯಿತು.

ಹಾಗೇ ಮಾಡಿದೆವು. ಹತಾರ ಒಂದೇ, ಊರಿನ ಪಟ್ಟಿ ಒಂದೇ. ಒಳಗೆ ಕಟ್ಟು ಬೇರೆ, ಒಯ್ಯಿ ಬೇರೆ. ಕಟ್ಟದೆ ಹಳೆಯದನ್ನು ಒಯ್ಯಲು ಹೋದರೆ, ಇದು ಹೋದ ವಾರದ್ದು, ಇದೇ ಬೇಕೇ ಅಂತ ಕೇಳುತ್ತದೆ. ಅದು ಸಂಭಾಜಿನಗರದಾಕೆಯ ಸಲುವಾಗಿ. ಒಯ್ಯುವ ಮೊದಲು ಊರಿನ ಹೆಸರನ್ನು ಪ್ರತಿ ಸಲವೂ ಕೈಯಾರೆ ಬರೆಯಬೇಕು. ಅದು ನನ್ನ ಸಲುವಾಗಿ. ಎರಡನ್ನೂ ಒಂದೇ ಏಟಿಗೆ ಮಾಡುವ ಆಜ್ಞೆಯೂ ಇದೆ, ಆದರೆ ಅದು ಆಫೀಸಿನ ಪರೀಕ್ಷೆಯ ಯಂತ್ರಕ್ಕೆ ಮಾತ್ರ ಹೋಗುತ್ತದೆ. ನಿಜವಾದ ಟ್ರ್ಯಾಕ್ಟರ್ ಹತ್ತುವ ಕಾಟಾಕ್ಕೆ ಹೋಗುವುದಿಲ್ಲ. ಮುಗಿಸಿ ತೋರಿಸಿದಾಗ ಕಾಕಾ ದಿಂಬಿಗೆ ಒರಗಿ ಕೂತು ಅರ್ಧ ಗಂಟೆ ತಪ್ಪು ಹುಡುಕಿದರು. ಸಿಗಲಿಲ್ಲ ಅಂತ ಸ್ವಲ್ಪ ಬೇಜಾರೇ ಮಾಡಿಕೊಂಡರು.

ಅವರು ದೀಪಾವಳಿಯ ತನಕ ಇರಲಿಲ್ಲ. ಒಂದು ಮುಂಜಾನೆ ಸ್ನಾನಕ್ಕೆ ನೀರು ಕಾಯಿಸಿ ಕರೆಯಲು ಹೋದಾಗ ಏಳಲೇ ಇಲ್ಲ ಅಂತ ಕಾಕು ಹೇಳಿದರು. ಮಣ್ಣಿಗೆ ಪಿಂಪಳಗಾಂವ್‌ನಿಂದಲೂ ಜನ ಬಂದಿದ್ದರು. ಕಾಟಾದ ಕಾರಕೂನ ದೂರದಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಸಂಭಾಜಿನಗರದಾಕೆ ಇಡೀ ದಿನ ಒಂದು ಮಾತೂ ಮರಾಠಿಯಲ್ಲಿ ಆಡಲಿಲ್ಲ. ಬಂದಷ್ಟು ಕನ್ನಡದಲ್ಲೇ ಕಾಕು ಅವರ ಹತ್ತಿರ ಕೂತು ಮಾತಾಡಿದಳು, ತಪ್ಪು ತಪ್ಪಾಗಿ.

ಮುಂದಿನ ವಾರ ಪಿಂಪಳಗಾಂವ್‌ಗೆ ಒಂದು ತಿದ್ದುಪಡಿ ಹೋಗಬೇಕಿತ್ತು. ಗಂಟು ಕಟ್ಟಿದೆ. ಕೆಳಗಿಳಿದು ಚಹಾ ಕುಡಿದು ಬಂದೆ. ಚೀಟಿ ಓದಿದೆ. ಒಯ್ಯಿ ಅಂತ ಬರೆದು, ಊರಿನ ಹೆಸರನ್ನು ಅಕ್ಷರ ಅಕ್ಷರ ಬರೆದು, ಕಾರಕೂನನಿಗೆ ಫೋನ್ ಹಚ್ಚಿದೆ. ಅವನು ಮರಾಠಿಯಲ್ಲಿ ತಡೆಯಿರಿ ಅಂದ. ಟ್ರ್ಯಾಕ್ಟರ್ ಇಳಿಯುವ ಸದ್ದು ಕೇಳಿತು. ಆಮೇಲೆ ಎಂದಿನ ರೂಢಿಯಲ್ಲಿ ಅವನ ಬಾಯಿಂದ ಬಂತು.

"ಕಾಟಾ ಖಾಲಿ ಅದ, ಕಾಕಾ."

ಕೆಳಗೆ ಗಿರಣಿ ಶುರುವಾಯಿತು, ಲೋಟದಲ್ಲಿ ಉಳಿದ ಚಹಾ ಅಲುಗಿತು. ಅವನು ಫೋನ್ ಇಡಲಿಲ್ಲ, ತಿದ್ದಿ ಹೇಳಲೂ ಇಲ್ಲ. ಮುಂದಿನ ಗಾಡಿಯನ್ನು ಹತ್ತಲು ಬಿಡದೆ ನನಗಾಗಿ ಕಾದ.

ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡೆ. ಸಾಲನ್ನು ಗಟ್ಟಿಯಾಗಿ ಓದಿದೆ, ಅವನಿಗೂ ಕೇಳುವ ಹಾಗೆ. ಆಫೀಸಿನಲ್ಲಿ ಯಾರೂ ನಗಲಿಲ್ಲ.